ಮೀನಿನ ತೊಟ್ಟಿಯ ದೀಪ

“ಬುದ್ಧಿ, ನನ್ನ ಮಗನ ಮುಖ ನನಗೆ ಮರೆತುಹೋಗುತ್ತಿದೆ. ಮರೆಯದ ಹಾಗೆ ಒಂದು ದಾರಿ ಹೇಳಿಕೊಡಿ,” ಎಂದು ಗುರುಮಲ್ಲಪ್ಪ ಕೇಳಿದ.

ಗುರುಮಲ್ಲಪ್ಪ ಮಠದ ಹಳೆಯ ಶಿಷ್ಯ, ಸಂಸಾರಸ್ಥ. ಹೋದ ವರ್ಷ ಅವನ ಒಬ್ಬನೇ ಮಗ ತೀರಿಕೊಂಡಿದ್ದ. ಅಂದಿನಿಂದ ಬೆಳಗಾದರೆ ಮಠಕ್ಕೆ ಬರುತ್ತಿದ್ದ. ಗದ್ದುಗೆಯ ಎದುರು ಕೂತು, ಜೇಬಿನಿಂದ ಮಗನ ಫೋಟೋ ತೆಗೆದು ನೋಡುತ್ತಿದ್ದ. ಕತ್ತಲಾದ ಮೇಲೆ ಎದ್ದು, ಹೆಂಡತಿ ಒಬ್ಬಳೇ ಇರುತ್ತಿದ್ದ ಮನೆಗೆ ಹೋಗುತ್ತಿದ್ದ.

ಮಠದ ಹಿರಿಯ ಸ್ವಾಮಿಗಳನ್ನು ಸುತ್ತಲಿನವರು ದೊಡ್ಡ ಬುದ್ಧಿ ಎಂದು ಕರೆಯುತ್ತಿದ್ದರು. ಅವರಿಗೆ ಸಿಟ್ಟು ಬೇಗ ಬರುತ್ತಿತ್ತು, ಇಳಿಯುವುದು ತಡವಾಗುತ್ತಿತ್ತು.

“ಫೋಟೋ ಇದೆಯಲ್ಲ, ನೋಡಿಕೋ,” ಎಂದರು.

“ಫೋಟೋ ನೋಡಿ ನೋಡಿಯೇ ಮುಖ ಹೋಗುತ್ತಿದೆ ಬುದ್ಧಿ. ಈಗ ಕಣ್ಣು ಮುಚ್ಚಿದರೆ ಫೋಟೋ ಬರುತ್ತದೆ, ಮಗ ಬರುವುದಿಲ್ಲ. ಜಪವೋ ವ್ರತವೋ, ಏನಾದರೂ ಕೊಡಿ. ನಾನು ಕೈಬಿಟ್ಟರೆ ಅವನು ಪೂರ್ತಿ ಹೋಗಿಬಿಡುತ್ತಾನೆ.”

ದೊಡ್ಡ ಬುದ್ಧಿಯವರು ಅವನನ್ನು ಹತ್ತಿರ ಕೂರಿಸಿಕೊಂಡರು.

“ಜಪದ ಮಾತು ಆಮೇಲೆ. ಮೊದಲು ಕತೆ ಕೇಳು. ನಡುವೆ ಬಾಯಿ ಹಾಕಬೇಡ, ಹಾಕಿದರೆ ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ,” ಎಂದು ಹೇಳತೊಡಗಿದರು.

ಒಂದು ತಾಲ್ಲೂಕು ಊರು. ಅಲ್ಲಿ ಒಬ್ಬ ವರ್ತಕ ಇದ್ದ. ಅವನದು ದೀಪದ ವ್ಯಾಪಾರ. ಎಣ್ಣೆ ದೀಪ ಅಲ್ಲಯ್ಯಾ, ಕರೆಂಟಿನದು. ಬಲ್ಬು, ಟ್ಯೂಬು, ಮದುವೆ ಮನೆಗೆ ಸುತ್ತುವ ಸೀರಿಯಲ್ ಸೆಟ್ಟು, ಕಣದಲ್ಲಿ ಕಟ್ಟುವ ದೊಡ್ಡ ದೀಪ, ಎಲ್ಲ ಅವನ ಅಂಗಡಿಯಲ್ಲಿ ಸಿಗುತ್ತಿತ್ತು. ಮನುಷ್ಯ ಒಳ್ಳೆಯವನು. ಯಾರ ತಂಟೆಗೂ ಹೋದವನಲ್ಲ. ಕೆಟ್ಟವನ ಕತೆಯಾಗಿದ್ದರೆ ನಿನಗೆ ಹೇಳುವ ಕಷ್ಟವನ್ನೇ ನಾನು ತೆಗೆದುಕೊಳ್ಳುತ್ತಿರಲಿಲ್ಲ.

ಅವನಿಗೆ ಹೆಂಡತಿ, ಒಬ್ಬಳೇ ಮಗಳು. ಮಗಳ ಹೆಸರು ಇಂಪನಾ. ಇಸ್ಕೂಲಿಗೆ ಹೋಗುವ ಹುಡುಗಿ. ಮೀನು ಸಾಕಬೇಕು ಎಂದು ಹಟ ಹಿಡಿದಳು. ವರ್ತಕ ಗಾಜಿನ ತೊಟ್ಟಿ ತಂದು ನಡುಮನೆಯಲ್ಲಿಟ್ಟ. ಕೆಂಪು ಮೀನು, ಬಿಳಿ ಮೀನು, ಒಂದಷ್ಟು ತಂದು ಬಿಟ್ಟ. ತೊಟ್ಟಿಯ ಮುಚ್ಚಳದ ಒಳಗೆ ತಾನೇ ಕೈಯಾರೆ ಒಂದು ಸಣ್ಣ ದೀಪ ಕೂರಿಸಿದ. ಸಂಜೆ ಹುಡುಗಿ ಮನೆಗೆ ಬಂದು ದೀಪ ಹಾಕುತ್ತಿದ್ದಳು. ಮೀನಿಗೆ ಕಾಳು ಹಾಕಿ, ಅಲ್ಲೇ ಕೂತು ಓದಿಕೊಳ್ಳುತ್ತಿದ್ದಳು. ಮಲಗುವ ಮುಂಚೆ ಮೀನುಗಳಿಗೆ ಮಲಕ್ಕೊಳ್ಳಿ ಎಂದು ಹೇಳಿ ದೀಪ ಆರಿಸುತ್ತಿದ್ದಳು. ತೊಟ್ಟಿಯ ನೀರು ಕುಡಿಯುವ ನೀರಿನ ಹಾಗೆ ತಿಳಿಯಾಗಿತ್ತು.

ಆಮೇಲೆ ಹುಡುಗಿಗೆ ಕಾಯಿಲೆ ಬಂತು. ರಕ್ತದ ಕಾಯಿಲೆ. ವರ್ತಕ ತಿರುಗದ ಆಸ್ಪತ್ರೆ ಇಲ್ಲ. ಕೊನೆಗೆ ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗೆಂದರೆ ಏನು ಎಂದು ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಡುಮನೆಯಲ್ಲೇ ಹಾಸಿಗೆ ಹಾಸಿದರು. ಅವಳ ಕಣ್ಣು ತೊಟ್ಟಿಯ ಕಡೆಗೇ ಇತ್ತು. ರಾತ್ರಿ ಅಪ್ಪ ಎಂದಿನಂತೆ ದೀಪ ಆರಿಸಲು ಎದ್ದ. ಲೈಟ್ ಆರಿಸಬೇಡ ಅಪ್ಪ, ನನಗೆ ಮೀನು ಕಾಣಬೇಕು ಎಂದಳು. ಅವನು ಆರಿಸಲಿಲ್ಲ. ಬೆಳಗಾಗುವಷ್ಟರಲ್ಲಿ ಹುಡುಗಿ ಹೋಗಿದ್ದಳು. ದೀಪ ಉರಿಯುತ್ತಲೇ ಇತ್ತು.

ಅವರ ಮನೆತನದಲ್ಲಿ ಒಂದು ನಡೆವಳಿಕೆ ಇದೆ. ಜೀವ ಹೋದ ಜಾಗದಲ್ಲಿ ಒಂದು ಎಣ್ಣೆ ದೀಪ ಹಚ್ಚಿಡಬೇಕು. ತಿಥಿ ಮುಗಿಯುವವರೆಗೂ ಅದು ಆರಕೂಡದು. ಹೆಂಡತಿ ಬತ್ತಿ ಹೊಸೆದು, ಎಣ್ಣೆ ಹಾಕಿ, ಕಣ್ಣಲ್ಲಿ ಕಣ್ಣಿಟ್ಟು ಆ ದೀಪ ಕಾದಳು. ತಿಥಿಯ ದಿನ ಹಿರಿಯರು ಬಂದರು. ಮಗು ದಾರಿ ಕಂಡುಕೊಂಡಿತಮ್ಮ, ಇನ್ನು ಸಾಕು ಎಂದು ದೀಪ ಶಾಂತ ಮಾಡಿಸಿದರು. ಬಂದ ನೆಂಟರು ಊಟ ಮಾಡಿ ಹೊರಟರು.

ಎಲ್ಲರೂ ಹೋದ ಮೇಲೆ ವರ್ತಕ ತೊಟ್ಟಿಯ ಕಡೆ ನೋಡಿದ. ಎಣ್ಣೆ ದೀಪ ಹಿರಿಯರು ಇಡಿಸಿದ್ದು, ಹಿರಿಯರೇ ತೆಗೆಸಿದರು. ಈ ದೀಪ ಮಗಳು ಬಾಯಿಬಿಟ್ಟು ಕೇಳಿದ್ದು, ಇದನ್ನು ಆರಿಸಲು ನಾನು ಯಾರು ಎಂದುಕೊಂಡ. ಅಂಗಡಿಯಿಂದ ವೈರಿಗೆ ಸುತ್ತುವ ಕಪ್ಪು ಟೇಪು ತಂದು ಸ್ವಿಚ್ಚಿನ ಮೇಲೆ ಅಂಟಿಸಿದ, ಯಾರೂ ಮರೆತು ಕೂಡ ಮುಟ್ಟಬಾರದು ಎಂದು. ಕರೆಂಟು ಹೋದರೆ ಏನು ಗತಿ ಎಂದು ಆ ಒಂದು ದೀಪಕ್ಕಾಗಿ ಬ್ಯಾಟರಿಯನ್ನೂ ಜೋಡಿಸಿದ. ಅಲ್ಲಿಂದ ಮುಂದೆ ಆ ತೊಟ್ಟಿಗೆ ರಾತ್ರಿ ಎಂಬುದೇ ಇಲ್ಲವಾಯಿತು.

ಇದರಲ್ಲಿ ತಪ್ಪೇನಿದೆ ಎಂದು ನಿನ್ನ ಮುಖವೇ ಕೇಳುತ್ತಿದೆ. ನಾನು ತಪ್ಪು ಎಂದೆನೇ? ಕೇಳು.

ಸ್ವಲ್ಪ ದಿನಕ್ಕೆ ಗಾಜಿನ ಒಳಮೈಗೆ ಹಸಿರು ಕಟ್ಟತೊಡಗಿತು. ಪಾಚಿ. ಮೊದಲು ಬೆರಳಿನಿಂದ ಒರೆಸಿದರೆ ಹೋಗುವಷ್ಟು ತೆಳುವಾಗಿತ್ತು. ಒರೆಸಿದ. ಮತ್ತೆ ಬಂತು. ತೊಟ್ಟಿಯ ತಳದ ಕಲ್ಲುಗಳ ಮೇಲೆ ಕೂದಲಿನ ಹಾಗೆ ಬೆಳೆಯಿತು. ಮೀನುಗಳು ಮಸುಕಾಗಿ ಕಾಣತೊಡಗಿದವು. ಮೀನು ಕಾಣಬೇಕು ಎಂದು ಮಗಳು ಹೇಳಿದ್ದಳಲ್ಲ. ದೀಪದ ಶಕ್ತಿ ಸಾಲದು ಎಂದುಕೊಂಡ ವರ್ತಕ. ಅಂಗಡಿಯಲ್ಲಿ ದೀಪಕ್ಕೇನು ಬರವೇ? ಇನ್ನೂ ಹೆಚ್ಚು ಪ್ರಕಾಶದ್ದೊಂದು ತಂದು ಹಾಕಿದ. ಮೀನು ಮತ್ತೆ ಕಂಡಿತು. ಅವನಿಗೆ ಹೋದ ಜೀವ ಬಂದಂತಾಯಿತು.

ಹೊಸ ದೀಪಕ್ಕೆ ಪಾಚಿ ಇನ್ನೂ ದಟ್ಟವಾಗಿ ಬೆಳೆಯಿತು. ಅವನು ಅದಕ್ಕಿಂತ ದೊಡ್ಡ ದೀಪ ತಂದ. ಪಾಚಿಯೂ ಅದಕ್ಕೆ ತಕ್ಕಂತೆ ಬೆಳೆಯಿತು. ದೀಪ ಮಾರುವವನಿಗೆ ಕಾಣದೇ ಇರುವುದೆಲ್ಲ ಬೆಳಕು ಕಡಿಮೆಯಾಗಿಯೇ ಕಾಣದೆ ಇರುತ್ತದೆ. ಅವನ ಕಸುಬು ಅವನಿಗೆ ಕಲಿಸಿದ್ದೇ ಅಷ್ಟು.

ಇಲ್ಲಿ ಗುರುಮಲ್ಲಪ್ಪನಿಗೆ ತಡೆಯಲಾಗಲಿಲ್ಲ.

“ತೊಟ್ಟಿ ಪೂರ್ತಿ ತೊಳೆದುಬಿಡಬಹುದಿತ್ತಲ್ಲ ಬುದ್ಧಿ?” ಎಂದ.

“ಬಾಯಿ ಹಾಕಬೇಡ ಎಂದೆನಲ್ಲ. ನಿನಗೆ ಹೊಳೆದದ್ದು ಅವನಿಗೂ ಹೊಳೆಯಿತು, ಅದೇ ಎಡವಟ್ಟಾಯಿತು,” ಎಂದು ದೊಡ್ಡ ಬುದ್ಧಿಯವರು ಮುಂದುವರಿಸಿದರು.

ಒಂದು ದಿನ ಅಂಗಡಿಗೆ ಬೀಗ ಹಾಕಿ ಕೂತ. ಹಳೆಯ ನೀರು ಒಂದು ತೊಟ್ಟೂ ಬಿಡದೆ ಚೆಲ್ಲಿದ. ಗಾಜು, ಕಲ್ಲು ಎಲ್ಲ ಉಜ್ಜಿ ಉಜ್ಜಿ ತೊಳೆದ. ನಲ್ಲಿಯ ನೀರು ಹಿಡಿದು ತುಂಬಿದ. ಮೀನುಗಳನ್ನು ಅದರೊಳಗೆ ಬಿಟ್ಟ. ನಲ್ಲಿಯ ನೀರಿಗೆ ಔಷಧಿ ಹಾಕಿರುತ್ತಾರೆ, ಒಂದು ದಿನ ತೆರೆದಿಟ್ಟು ಆಮೇಲೆ ಬಳಸಬೇಕು, ಹಳೆಯ ನೀರು ಅರ್ಧವಾದರೂ ಉಳಿಸಿಕೊಳ್ಳಬೇಕು. ಅಷ್ಟು ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿದವು. ಕೆಂಪು ಮೀನೊಂದು ಮಾತ್ರ ಹೇಗೋ ಜೀವ ಹಿಡಿದುಕೊಂಡಿತು.

ಆ ಮೀನಿಗೆ ಬಾಲದ ಅಂಚು ಹರಿದಿತ್ತು. ಹುಡುಗಿ ನೀರಿಗೆ ಬೆರಳು ಅದ್ದಿದರೆ ಅದೊಂದೇ ಮೇಲೆ ಬಂದು ಬೆರಳಿಗೆ ಬಾಯಿ ತಾಗಿಸುತ್ತಿತ್ತು. ಮಗಳ ಬೆರಳಿನ ಗುರುತಿರುವ ಜೀವ ಈ ಮನೆಯಲ್ಲಿ ಇದೊಂದೇ ಎಂದು ವರ್ತಕ ಅಂದುಕೊಂಡ. ಹಾಗೆ ಅಂದುಕೊಂಡದ್ದೇ ತಡ, ಅವನ ಪ್ರಾಣವೆಲ್ಲ ಆ ಮೀನಿನ ಮೇಲೆ ಹೋಯಿತು. ಅದು ಬದುಕಬೇಕು, ಅದು ತನಗೆ ಕಾಣುತ್ತಿರಬೇಕು. ಲೋಕದಲ್ಲಿ ಅವನಿಗೆ ಬೇರೆ ಯಾವ ಆಸೆಯೂ ಉಳಿಯಲಿಲ್ಲ. ಅಂಗಡಿಯಲ್ಲಿ ಕೂತರೂ ಮನಸ್ಸು ಅಲ್ಲಿರಲಿಲ್ಲ. ಮನೆಗೆ ಬಂದರೆ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಹೆಂಡತಿ ಊಟದ ತಟ್ಟೆಯನ್ನು ಅಲ್ಲಿಗೇ ತಂದಿಡುತ್ತಿದ್ದಳು. ಒಂದೊಂದು ದಿನ ತಟ್ಟೆ ಹಾಗೇ ವಾಪಸ್ಸು ಹೋಗುತ್ತಿತ್ತು. ಮೀನಿನ ಹತ್ತಿರ ಮಾತಾಡುತ್ತಿದ್ದ, ಮಗಾ ಎಂದು ಕರೆಯುತ್ತಿದ್ದ.

ತೊಟ್ಟಿಯಲ್ಲಿ ಗಾಳಿ ಊದುವ ಸಣ್ಣ ಮೋಟಾರು ಇತ್ತು. ಅದರ ಗುಳ್ಳೆಗಳು ನೋಟಕ್ಕೆ ಅಡ್ಡ ಬರುತ್ತವೆ ಎಂದು ಅದನ್ನು ಕಿತ್ತು ಹಾಕಿದ. ಈ ಮಾತು ಮನಸ್ಸಿನಲ್ಲಿಟ್ಟುಕೋ.

ಪಾಚಿ ಈ ಸಲ ಗಾಜಿಗೆ ಮಾತ್ರ ಕಟ್ಟಲಿಲ್ಲ, ನೀರಿಗೇ ಇಳಿಯಿತು. ತೊಟ್ಟಿಯ ನೀರು ಸೊಪ್ಪು ಬಸಿದ ನೀರಿನ ಹಾಗಾಯಿತು. ಮೀನು ಗಾಜಿನ ಹತ್ತಿರ ಬಂದಾಗ ಒಂದು ಕೆಂಪು ಗುರುತು ಕಂಡು, ಅಷ್ಟರಲ್ಲೇ ಮಾಯವಾಗುತ್ತಿತ್ತು. ಆ ಗುರುತಿಗಾಗಿ ಅವನು ಗಂಟೆಗಟ್ಟಲೆ ಕಾಯುತ್ತಿದ್ದ.

ನೀರು ಮತ್ತೆ ಬದಲಿಸಲು ಧೈರ್ಯ ಸಾಲಲಿಲ್ಲ. ಸಾಕುವ ಮೀನು ಮಾರುವ ಅಂಗಡಿಗೆ ಹೋಗಿ ಕೇಳಿದ. ಅಂಗಡಿಯವನು ಕೇಳಿದ ಮೊದಲ ಪ್ರಶ್ನೆ, ದೀಪ ಎಷ್ಟು ಹೊತ್ತು ಹಾಕುತ್ತೀರಿ ಎಂಬುದು.

“ಆರಿಸುವುದೇ ಇಲ್ಲ,” ಎಂದ ವರ್ತಕ.

“ಹಾಗಾದರೆ ನೀವು ಸಾಕುತ್ತಿರುವುದು ಪಾಚಿಯನ್ನು ಸ್ವಾಮಿ, ಮೀನನ್ನಲ್ಲ. ಅದು ಬೆಳಕನ್ನೇ ಉಂಡು ಬೆಳೆಯುತ್ತದೆ. ದೀಪ ಸಣ್ಣದು ಹಾಕಿ, ದಿನಕ್ಕೆ ಅರ್ಧ ಹೊತ್ತು ಸಾಕು. ಒಂದೇ ಸಲಕ್ಕೆ ನಿಲ್ಲಿಸಬೇಡಿ. ನೀರು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ, ಬೆಳಕು ಇಳಿಸುತ್ತಾ ಬನ್ನಿ. ಗಾಳಿ ಮೋಟಾರು ಮಾತ್ರ ನಿಲ್ಲಿಸಬಾರದು.”

ಎಷ್ಟು ಸಲೀಸಾದ ಮಾತು ನೋಡು. ಕೇಳಿದ್ದರೆ ಮೀನು ಉಳಿಯುತ್ತಿತ್ತು, ಕಾಣುತ್ತಲೂ ಇರುತ್ತಿತ್ತು. ಆದರೆ ಅವನ ಕಿವಿಗೆ ಬಿದ್ದದ್ದು ದೀಪ ಆರಿಸಿ ಎಂಬುದು ಒಂದೇ. ನನ್ನ ಮಗಳ ದೀಪದ ವಿಷಯ ಇವನಿಗೇನು ಗೊತ್ತು ಎಂದು ಮುಖ ಗಂಟಿಕ್ಕಿಕೊಂಡು ಎದ್ದು ಬಂದ. ಬರುವಾಗ ತನ್ನ ಅಂಗಡಿಗೆ ಹೋಗಿ, ಕಣದಲ್ಲಿ ಕಟ್ಟುವ ದೊಡ್ಡ ದೀಪವನ್ನೇ ಹೊತ್ತು ತಂದ. ಅದನ್ನು ತೊಟ್ಟಿಯ ನೆತ್ತಿಯ ಮೇಲೆ ತೂಗುಹಾಕಿ, ಅದೇ ಸ್ವಿಚ್ಚಿಗೆ ಜೋಡಿಸಿದ. ನಡುಮನೆಯಲ್ಲಿ ಕಣ್ಣು ಬಿಡಲಾಗದಷ್ಟು ಬೆಳಕಾಯಿತು. ತೊಟ್ಟಿಯಲ್ಲಿ ಮಾತ್ರ ಏನೂ ಕಾಣಲಿಲ್ಲ.

ಈ ಕತೆ ಹೇಳುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಇರಲಿ.

ಹೆಂಡತಿಯ ಹಾಸಿಗೆ ಆ ನಡುಮನೆಯಲ್ಲೇ. ಮಗಳು ಮಲಗಿದ್ದ ಜಾಗ ಬಿಟ್ಟು ಅವಳು ಬೇರೆಲ್ಲೂ ಮಲಗುತ್ತಿರಲಿಲ್ಲ. ಸೆರಗು ಮುಖದ ಮೇಲೆ ಎಳೆದುಕೊಂಡು ಮಲಗುತ್ತಿದ್ದಳು. ಅವಳು ಇಷ್ಟು ದಿನ ತುಟಿ ಪಿಟಕ್ಕೆಂದವಳಲ್ಲ. ಆ ದೀಪ ತಂದ ಮೇಲೆ ಒಂದು ಸಲ ಗಂಡನ ಹತ್ತಿರ ಬಂದು ನಿಂತಳು.

“ರೀ, ಮೀನಿಗೆ ರೆಪ್ಪೆ ಇಲ್ಲ. ಕಣ್ಣು ಮುಚ್ಚಿಕೊಳ್ಳೋಣ ಅಂದರೂ ಅದಕ್ಕೆ ಆಗಲ್ಲ. ಒಂದು ರಾತ್ರಿ ಮಲಗಲಿ ಬಿಡಿ. ಅವಳೇ ದಿನಾ ಆರಿಸುತ್ತಿದ್ದಳಲ್ಲ,” ಎಂದಳು.

ವರ್ತಕ ತಿರುಗಿ ಕೂಡ ನೋಡಲಿಲ್ಲ.

“ನಿನಗೆ ಅವಳು ಇಷ್ಟು ಬೇಗ ಬೇಡವಾದಳು. ನನಗೆ ಆಗಿಲ್ಲ,” ಎಂದ.

ಅವಳು ತಟ್ಟೆ ಎತ್ತಿಕೊಂಡಳು. ಒಳಗೆ ಹೋದಳು.

ಅವನು ಸರಕು ತರಲು ದೊಡ್ಡ ಊರಿಗೆ ಹೋಗಬೇಕಾದ ದಿನ ಬಂತು. ಹೋಗಲು ಮನಸ್ಸಿಲ್ಲ, ಹೋಗದೆ ವಿಧಿಯಿಲ್ಲ. ಮೀನಿಗೆ ಕಾಳು ಹಾಕಿ, ಟೇಪು ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿ ಹೊರಟ. ಮನೆಯಲ್ಲಿ ಹೆಂಡತಿ ಒಬ್ಬಳೇ. ಸಂಜೆಯಾದ ಮೇಲೆ ಅವಳು ತೊಟ್ಟಿಯ ಮುಂದೆ ಕೂತಳು. ಮೀನು ಗಾಜಿನ ಹತ್ತಿರ ಬಂದಿತು, ರೆಪ್ಪೆಯಿಲ್ಲದ ಕಣ್ಣಿನಿಂದ ನೋಡಿತು. ಅವಳು ಕಪ್ಪು ಟೇಪು ಬಿಡಿಸಿದಳು. ಮಲಕ್ಕೋ ಎಂದಳು. ದೀಪ ಆರಿಸಿದಳು. ಮಗಳು ಹೋದ ಮೇಲೆ ಆ ನಡುಮನೆಯಲ್ಲಿ ಮೊದಲ ಸಲ ಕತ್ತಲಾಯಿತು. ಅವಳಿಗೆ ಮೈಮರೆಯುವಂಥ ನಿದ್ದೆ ಬಂತು.

ಬೆಳಗಿನ ಜಾವ ವರ್ತಕ ಬಂದು ಬಾಗಿಲು ತಟ್ಟಿದಾಗಲೇ ಅವಳಿಗೆ ಎಚ್ಚರವಾದದ್ದು. ಅವನು ಒಳಗೆ ಬಂದು ಕತ್ತಲೆ ಕಂಡ. ಓಡಿ ದೀಪ ಹಾಕಿದ. ಮೀನು ನೀರಿನ ಮೇಲೆ ಅಡ್ಡಡ್ಡ ತೇಲುತ್ತಿತ್ತು. ಆಗ ಅದು ಚೆನ್ನಾಗಿ ಕಾಣುತ್ತಿತ್ತು.

ನೀನು ನನ್ನ ಮಗಳನ್ನು ಇನ್ನೊಂದು ಸಲ ಸಾಯಿಸಿದೆ ಎಂದು ಹೆಂಡತಿಗೆ ಹೇಳಿದ. ಅವನು ಕಿರುಚಲಿಲ್ಲ. ಮೆಲ್ಲಗೆ ಹೇಳಿದ.

ದೊಡ್ಡ ಬುದ್ಧಿಯವರು ಅಲ್ಲಿಗೆ ನಿಲ್ಲಿಸಿದರು. ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದರು. ಗುರುಮಲ್ಲಪ್ಪ ಫೋಟೋವನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು ಕೂತಿದ್ದ.

“ಈಗ ಕೇಳಬಹುದೇ ಬುದ್ಧಿ?”

“ಕೇಳು.”

“ಆ ಮೀನು ಯಾಕೆ ಸತ್ತಿತು? ಅವಳು ಕರುಣೆಯಿಂದಲೇ ಆರಿಸಿದ್ದು. ಕತ್ತಲಾದರೆ ಮೀನು ಸಾಯುತ್ತದೆಯೇ?”

“ಕತ್ತಲಿಗೆ ಮೀನು ಸಾಯುವುದಾಗಿದ್ದರೆ ಲೋಕದ ಹೊಳೆ ಕೆರೆಗಳಲ್ಲಿ ಒಂದಾದರೂ ಉಳಿಯುತ್ತಿತ್ತೇನಯ್ಯಾ? ನಮ್ಮ ಮಠದ ಕಲ್ಯಾಣಿಯನ್ನು ನೀನು ನೋಡುವುದಿಲ್ಲವೇ? ಬೇಸಿಗೆಯಲ್ಲಿ ನೀರು ಹಸಿರುಗಟ್ಟಿದಾಗ ಬೆಳ್ಳಂಬೆಳಗ್ಗೆ ಬಂದು ನೋಡು. ಮೀನುಗಳೆಲ್ಲ ಬಾಯಿ ಮೇಲೆ ಮಾಡಿ ಉಸಿರಿಗೆ ಒದ್ದಾಡುತ್ತಿರುತ್ತವೆ. ಬೆಳಕಿರುವಷ್ಟು ಹೊತ್ತು ಪಾಚಿ ನೀರಿಗೆ ಉಸಿರು ಕೊಡುತ್ತದೆ. ಕತ್ತಲಾದರೆ ನೀರಿನಲ್ಲಿರುವ ಉಸಿರನ್ನು ತಾನೇ ಎಳೆದುಕೊಳ್ಳುತ್ತದೆ. ಸ್ವಲ್ಪ ಪಾಚಿಯಾದರೆ ಮೀನಿಗೂ ಪಾಲು ಉಳಿಯುತ್ತದೆ. ತೊಟ್ಟಿ ತುಂಬ ಪಾಚಿಯೇ ಆದರೆ ಏನು ಉಳಿಯುತ್ತದೆ? ಗಾಳಿ ಊದುವ ಮೋಟಾರಾದರೂ ಇದ್ದಿದ್ದರೆ ಬೆಳಗಿನ ತನಕ ಹೇಗೋ ತಡೆಯುತ್ತಿತ್ತು. ಅದನ್ನು ಕಿತ್ತವನು ಅವನೇ. ಪಾಚಿ ಬೆಳೆಸಿದವನೂ ಅವನೇ. ಕೊನೆಗೆ ತಪ್ಪನ್ನೆಲ್ಲ ಸ್ವಿಚ್ಚಿನ ಮೇಲೆ ಬೆರಳಿಟ್ಟವಳ ತಲೆಗೆ ಕಟ್ಟಿದ.”

“ಹಾಗಾದರೆ ಅವಳು ಆರಿಸದೇ ಇದ್ದಿದ್ದರೆ ಉಳಿಯುತ್ತಿತ್ತು.”

“ಉಳಿಯುತ್ತಿತ್ತು. ಕಣ್ಣು ಮುಚ್ಚಲಾಗದೆ, ಹಸಿರು ನೀರಿನಲ್ಲಿ, ಯಾರ ಕಣ್ಣಿಗೂ ಬೀಳದೆ ಇನ್ನೊಂದಷ್ಟು ದಿನ ಉಳಿಯುತ್ತಿತ್ತು. ಮೊದಲೇ ಆರಿಸಿದ್ದರೆ ಚೆನ್ನಾಗಿ ಬದುಕುತ್ತಿತ್ತು. ಆ ಹೊತ್ತಿಗೆ ಆರಿಸಿದರೂ ಕೇಡು, ಬಿಟ್ಟರೂ ಕೇಡು, ಅಲ್ಲಿಯ ತನಕ ತಂದಿಟ್ಟಿದ್ದ.”

ಗುರುಮಲ್ಲಪ್ಪ ತಲೆ ತಗ್ಗಿಸಿದ. ತಲೆ ಎತ್ತದೆಯೇ ಕೇಳಿದ.

“ಆ ದೀಪವನ್ನು ಆಮೇಲಾದರೂ ತೆಗೆದನೇ?”

“ಎಲ್ಲಿ ತೆಗೆದ? ಟೇಪು ಮತ್ತೆ ಸುತ್ತಿದ. ಮೀನು ಇಲ್ಲದ ತೊಟ್ಟಿಯ ಮೇಲೆ ಆ ದೀಪ ಈಗಲೂ ಉರಿಯುತ್ತಿದೆ. ಪಾಚಿ ಮಾತ್ರ ಹುಲುಸಾಗಿದೆ, ಅದಕ್ಕೇನು ಕೊರತೆ.”

“ಅವನು ಏನಾದ ಬುದ್ಧಿ? ಅವನಿಗೆ ಅರಿವು ಬಂತೇ?”

“ಇಲ್ಲ. ಅರಿವು ಬಂತು ಎಂದು ಹೇಳಿ ನಿನ್ನನ್ನು ಸಮಾಧಾನ ಮಾಡಬಹುದು, ಸುಳ್ಳಾಗುತ್ತದೆ. ಅಂಗಡಿ ತೆರೆಯುತ್ತಾನೆ, ಮುಚ್ಚುತ್ತಾನೆ. ಮನೆಗೆ ಬಂದು ಆ ಕುರ್ಚಿಯಲ್ಲಿ ಕೂರುತ್ತಾನೆ. ಮಗಳ ಮುಖ ನೆನಪಿದೆಯೇ ಎಂದು ಕೇಳಿದರೆ ಗಾಜಿನ ಕಡೆ ಕೈ ತೋರಿಸುತ್ತಾನೆ. ಅಲ್ಲಿ ಹಸಿರು ಬಿಟ್ಟರೆ ಏನೂ ಇಲ್ಲ.”

ಗುರುಮಲ್ಲಪ್ಪನ ಕಣ್ಣಲ್ಲಿ ನೀರು ನಿಂತಿತ್ತು. ಅವನು ಸೊಂಟದ ವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡ.

“ಅರ್ಥವಾಯಿತು ಬುದ್ಧಿ. ಫೋಟೋವನ್ನು ಇನ್ನು ಪೆಟ್ಟಿಗೆಯಲ್ಲಿಡುತ್ತೇನೆ. ಕತೆಯಲ್ಲಿ ತಿಳಿಯಬೇಕಾದದ್ದೆಲ್ಲ ತಿಳಿಯಿತು,” ಎಂದು ಎದ್ದು ಕೈಮುಗಿದ.

ದೊಡ್ಡ ಬುದ್ಧಿಯವರ ದನಿಯಲ್ಲಿ ಈಗ ಸಿಟ್ಟಿರಲಿಲ್ಲ.

“ಮೀನು ಯಾಕೆ ಸತ್ತಿತೆಂದು ಕೇಳಿದೆ, ದೀಪ ಏನಾಯಿತೆಂದು ಕೇಳಿದೆ, ಅವನು ಏನಾದನೆಂದು ಕೇಳಿದೆ, ಆ ಮಗಳನ್ನು ಹೆತ್ತವಳು ಏನಾದಳೆಂದು ನೀನೂ ಕೇಳಲಿಲ್ಲವಲ್ಲ, ಗುರುಮಲ್ಲಪ್ಪ.”